ಬಲಗೈ ಸುಮ್ಮನಾದ ಬೆಳಗ್ಗೆ

ಮೂರಡಿ ಅಂದರೆ ಒಂದು ದಾಪುಗಾಲು, ಅಷ್ಟೇ. ಗಾಲ್ಫ್‌ನಲ್ಲಿ ಚೆಂಡು ಬೀಳಬೇಕಾದ ಹೋಲ್‌ನ ಅಗಲ 108 ಮಿಲಿಮೀಟರ್, ಚೆಂಡಿನದ್ದು 43ಕ್ಕಿಂತ ಸ್ವಲ್ಪ ಕಡಿಮೆ. ಎರಡು ಚೆಂಡು ಪಕ್ಕಪಕ್ಕದಲ್ಲಿ ಇಟ್ಟರೂ ಜಾಗ ಉಳಿಯುತ್ತದೆ. ಆದರೂ ಕಳೆದ ಮಳೆಗಾಲದಿಂದ ನನಗೆ ಆ ಮೂರಡಿಯ ಭಯ ಹಿಡಿದಿತ್ತು. ಚೆಂಡನ್ನು ಹೋಲ್‌ಗೆ ಉರುಳಿಸುವ ಕೋಲು, ಅಂದರೆ ಪಟ್ಟರ್, ಚೆಂಡಿಗೆ ತಾಗುವ ಕ್ಷಣಕ್ಕೆ ಸರಿಯಾಗಿ ಬಲ ಮಣಿಕಟ್ಟು ತಾನಾಗಿಯೇ ಎಗರುತ್ತಿತ್ತು. ಚೆಂಡು ಹೋಲ್‌ನ ಎಡಕ್ಕೆ ಹೋಗುತ್ತಿತ್ತು. ಗಾಲ್ಫ್‌ನಲ್ಲಿ ಇದಕ್ಕೆ ಯಿಪ್ಸ್ ಅನ್ನುತ್ತಾರೆ. ಆ ಪದವನ್ನು ಬಾಯಿಬಿಟ್ಟು ಹೇಳುವುದಕ್ಕೂ ಎಷ್ಟೋ ಆಟಗಾರರು ಹೆದರುತ್ತಾರೆ. ನಾನೂ ಯಾರಿಗೂ ಹೇಳಿರಲಿಲ್ಲ.

ಒಂದು ಭಾನುವಾರ ಮೂರಡಿಯೊಳಗಿನ ಐದು ಪಟ್ (ಪಟ್ಟರ್‌ನಿಂದ ಹೋಲ್‌ಗೆ ಉರುಳಿಸುವ ಹೊಡೆತ) ಕೈತಪ್ಪಿದವು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. 2017ರ ಮಾಸ್ಟರ್ಸ್ ಟೂರ್ನಿಯಲ್ಲಿ ಇಬ್ಬರು ಸಮಬಲವಾದಾಗ ನಡೆದ ಪ್ಲೇಆಫ್ ಮತ್ತೆ ಹಾಕಿಕೊಂಡು ನೋಡಿದೆ. ಸೆರ್ಜಿಯೊ ಗಾರ್ಸಿಯಾ, ಜಸ್ಟಿನ್ ರೋಸ್ ಇಬ್ಬರೂ ಪಟ್ಟರ್ ಹಿಡಿದದ್ದು ಕ್ಲಾ ಗ್ರಿಪ್‌ನಲ್ಲಿ, ಅಂದರೆ ಕೆಳಗಿನ ಕೈಯನ್ನು ಪಂಜದಂತೆ ಇಡುವ ಹಿಡಿತದಲ್ಲಿ. ಗೆದ್ದ ಗಾರ್ಸಿಯಾಗೆ ಅದು ಮೊದಲ ಮೇಜರ್ (ಗಾಲ್ಫ್‌ನ ಅತಿ ದೊಡ್ಡ ಟೂರ್ನಿಗಳಲ್ಲೊಂದು), 74ನೇ ಪ್ರಯತ್ನ. ಅಷ್ಟು ದೊಡ್ಡ ಆಟಗಾರನಿಗೇ ಹಿಡಿತ ಬದಲಿಸಲು ಸಂಕೋಚವಿಲ್ಲ ಅಂದಮೇಲೆ ನನಗೆ ಯಾಕೆ?

ಮೈಸೂರಿನಲ್ಲಿ ಬೆಳಗ್ಗೆ ಆರಕ್ಕೆ ಚಾಮುಂಡಿ ಬೆಟ್ಟದ ತುದಿ ಇನ್ನೂ ಮಂಜಿನಲ್ಲಿರುತ್ತದೆ. ಯಾರೂ ಬರುವ ಮೊದಲೇ ಪ್ರಾಕ್ಟೀಸ್ ಗ್ರೀನ್‌ಗೆ, ಪಟ್ ಅಭ್ಯಾಸದ ಹುಲ್ಲುಹಾಸಿಗೆ, ಹೋದೆ. ಎಡಗೈ ಎಂದಿನಂತೆ ಮೇಲೆ. ಬಲಗೈ ಮಾತ್ರ ತಿರುಗಬೇಕು. ಅಂಗೈ ಹೋಲ್ ಕಡೆ ನೋಡುವ ಬದಲು ನನ್ನ ತೊಡೆಯ ಕಡೆ ನೋಡಬೇಕು. ಪಟ್ಟರ್ ಹೆಬ್ಬೆರಳು, ತೋರುಬೆರಳ ಸಂದಿಯಲ್ಲಿ ಕೂರಬೇಕು. ಉಳಿದ ಬೆರಳುಗಳು ಸುಮ್ನೆ ಒರಗಿರುತ್ತವೆ. ಹೀಗೆ ಹಿಡಿದರೆ ಮಣಿಕಟ್ಟು ಚೆಂಡನ್ನು ಚಿಮ್ಮುವುದು ತುಂಬ ಕಷ್ಟ. ಭುಜಗಳು ತೂಗಿದಷ್ಟೇ ಪಟ್ಟರ್ ತೂಗುತ್ತದೆ.

ಓದಲು ಸುಲಭ. ಆದರೆ ಇಪ್ಪತ್ತು ವರ್ಷ ಎಲ್ಲ ಕೆಲಸ ಮಾಡಿದ ಬಲಗೈ ಸುಮ್ಮನಿರಲು ಒಪ್ಪಬೇಕಲ್ವಾ? ಬೆರಳುಗಳು ಮತ್ತೆ ಮತ್ತೆ ಬಿಗಿದುಕೊಂಡವು. ಹತ್ತು ಚೆಂಡಿನಲ್ಲಿ ನಾಲ್ಕು ಮಾತ್ರ ಒಳಗೆ ಹೋದವು.

ಹಿಂದಿನಿಂದ ದನಿ ಬಂತು. ವರ್ಷಗಳಿಂದ ನನ್ನ ಬ್ಯಾಗ್ ಹೊರುವ ಕ್ಯಾಡಿ. ನನ್ನ ಕೈ ನಡುಗುವುದನ್ನು ಯಾವಾಗಲೋ ಗಮನಿಸಿದ್ದನಂತೆ, ಹೇಳಿರಲಿಲ್ಲ.

"ಸಾರ್, ಬಲಗೈ ಜಾಸ್ತಿ ಅಮುಕ್ತಾ ಇದೀರಿ. ಮನೇಲಿ ಅಮ್ಮ ರಂಗೋಲಿ ಪುಡಿ ಹೆಂಗೆ ಹಿಡೀತಾರೆ? ಹಂಗೆ ಹಿಡೀರಿ. ಬಿಗಿಯಾಗಿ ಹಿಡಿದ್ರೆ ಪುಡಿ ಬೀಳಲ್ಲ, ಸಡಿಲ ಬಿಟ್ರೆ ಎಲ್ಲಾ ಚೆಲ್ಲುತ್ತೆ."

ಅಮ್ಮನ ಬೆರಳು ಕಣ್ಣಮುಂದೆ ಬಂತು. ಬೆಳಗಿನ ಜಾವ ಒದ್ದೆ ಅಂಗಳದಲ್ಲಿ, ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ನಡುಕವೇ ಇಲ್ಲದ ಗೆರೆ. ಹಾಗೇ ಹಿಡಿದೆ. ಚೆಂಡು ನೇರ ಹೋಗಿ ಬಿತ್ತು. ಇನ್ನೊಂದು. ಮತ್ತೊಂದು. ಆರನೆಯದು ಬಿದ್ದಾಗ ಗಂಟಲು ಕಟ್ಟಿತು. ಎಷ್ಟೋ ತಿಂಗಳಾದ ಮೇಲೆ ಬಲಗೈ ಎಗರಿರಲಿಲ್ಲ.

ಆಮೇಲೆ ಒಂಬತ್ತು ಹೋಲ್ ಆಡಿದೆವು. ಜೊತೆಗಾರರೊಬ್ಬರು, "ಇದು ರೂಲ್ಸ್‌ನಲ್ಲಿ ಇದೆಯಾ?" ಅಂದರು. ಇದೆ. 2016ರಿಂದ ನಿಷೇಧ ಇರುವುದು ಪಟ್ಟರನ್ನು ಮೈಗೆ ಊರಿ ಹೊಡೆಯುವುದಕ್ಕೆ. ಬೆರಳು ಹೇಗಿಡಬೇಕು ಅನ್ನುವುದು ಆಟಗಾರನಿಗೇ ಬಿಟ್ಟದ್ದು. ನಾಲ್ಕಡಿಯೊಳಗಿನ ಒಂದೇ ಒಂದು ಪಟ್ ಕೂಡ ಅವತ್ತು ತಪ್ಪಲಿಲ್ಲ.

ಆದರೆ ಉದ್ದದ ಪಟ್ ಕೈಕೊಟ್ಟವು. ಮೂವತ್ತಡಿ ದೂರದಿಂದ ಹೊಡೆದರೆ ಚೆಂಡು ಎಂಟಡಿ ಹಿಂದೆಯೇ ನಿಂತುಬಿಡುತ್ತಿತ್ತು. ದೂರದ ಅಂದಾಜು ನನ್ನ ಬಲಗೈಯಲ್ಲೇ ಇತ್ತು, ಅದನ್ನೇ ನಾನು ಕೂರಿಸಿಬಿಟ್ಟಿದ್ದೆ. ಅಮೆರಿಕದ ಆಟಗಾರ ಸ್ಕಾಟಿ ಶೆಫ್ಲರ್ 2024ರ ಕೊನೆಯಲ್ಲಿ ಕ್ಲಾ ಶುರುಮಾಡಿದಾಗಲೂ ಹತ್ತಿರದ ಪಟ್‌ಗೆ ಮಾತ್ರ ಇಟ್ಟುಕೊಂಡು, ದೂರದ್ದಕ್ಕೆ ಹಳೆಯ ಹಿಡಿತವನ್ನೇ ಉಳಿಸಿಕೊಂಡರು. ಯಾಕೆ ಅಂತ ಅವತ್ತು ನನ್ನ ಕೈಗೇ ಗೊತ್ತಾಯಿತು. ನಾನೂ ಹಾಗೇ ಮಾಡುವುದು ಅಂದುಕೊಂಡೆ.

ಕ್ಯಾಡಿ ಪಟ್ಟರ್ ಒರೆಸಿ ಬ್ಯಾಗ್‌ಗೆ ಇಟ್ಟ.

"ನಾಳೆನೂ ಆರಕ್ಕೇ ಬನ್ನಿ ಸಾರ್. ಎಲ್ಲಿಂದ ಹಿಡಿತ ಬದಲಾಯಿಸ್ಬೇಕು ಅಂತ ನೋಡೋಣ. ಹತ್ತಡಿಯಿಂದ ಶುರು ಮಾಡೋಣ."