‘ಕಾಮಿಕ್ಸ್‌ನಲ್ಲೂ ಹೀಗೇ ಇದೆಯಾ?’ ಅಂತ ಕೇಳುವವರಿಗೆಲ್ಲ

ಹೊಸ ಸೂಪರ್‌ಹೀರೋ ಸಿನಿಮಾ ಬಿಡುಗಡೆಯಾದ ವಾರ ನನ್ನ ಫೋನಿಗೆ ಬಿಡುವಿರುವುದಿಲ್ಲ. ಮನೆಯಲ್ಲಿ ಒಂದು ಕಪಾಟು ತುಂಬ ಕಾಮಿಕ್ಸ್ ಇದೆ ಅನ್ನುವುದು ನೆಂಟರಿಷ್ಟರಿಗೆಲ್ಲ ಗೊತ್ತು. ಹಾಗಾಗಿ ಆಫೀಸಿನವರು, ಪಕ್ಕದ ಮನೆಯವರು, ಚಿಕ್ಕಮ್ಮನ ಮಗ, ಎಲ್ಲರದ್ದೂ ಒಂದೇ ಪ್ರಶ್ನೆ: ‘ಕಾಮಿಕ್ಸ್‌ನಲ್ಲೂ ಹೀಗೇ ಇದೆಯಾ?’

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಚಿಕ್ಕ ಉತ್ತರ ಬೇಕಾದವರಿಗೆ: ಇದೆ. ನೀವು ಏನು ಕೇಳಿದರೂ ಇದೆ. ಸೂಪರ್‌ಮ್ಯಾನ್‌ನನ್ನೇ ತೆಗೆದುಕೊಳ್ಳಿ, 1938ರಿಂದ ಬಿಡದೆ ಅಚ್ಚಾಗುತ್ತಿರುವ ಕಥೆ ಅದು. ಹಾರುವ ಸೂಪರ್‌ಮ್ಯಾನ್ ಇದ್ದಾನೆ, ಹಾರಲು ಬರದವನೂ ಇದ್ದಾನೆ. ಇರುವೆಯನ್ನೂ ತುಳಿಯದವನು ಇದ್ದಾನೆ, ಕೊಂದವನೂ ಇದ್ದಾನೆ. ಇಷ್ಟು ಸಾಕು ಅನ್ನುವವರು ಇಲ್ಲಿಂದಲೇ ಎದ್ದು ಹೋಗಬಹುದು, ನನಗೇನೂ ಬೇಜಾರಿಲ್ಲ.

ನಿಜ ಹೇಳಬೇಕೆಂದರೆ ಪ್ರಶ್ನೆಗಿಂತ ಅದನ್ನು ಕೇಳುವ ಧಾಟಿಯೇ ಜಾಸ್ತಿ ಸಿಟ್ಟು ತರಿಸುತ್ತದೆ. ಬಹಳ ಜನಕ್ಕೆ ಉತ್ತರ ಬೇಕಿರುವುದಿಲ್ಲ. ‘ಕಾಮಿಕ್ಸ್‌ನಲ್ಲಿ ಹೀಗಿಲ್ಲ, ಅಲ್ವಾ?’ ಅಂತಾರೆ. ತೀರ್ಪು ಬರೆದಾಗಿದೆ, ನಾನು ಸೀಲು ಒತ್ತಬೇಕು ಅಷ್ಟೇ. ಇನ್ನು ಕೆಲವರು ಪೇಪರಿನ ವಿಮರ್ಶೆಯ ತರ ‘ಮೂಲಕ್ಕೆ ನ್ಯಾಯ ಒದಗಿಸಿದ್ದಾರಾ?’ ಅಂತ ಕೇಳುತ್ತಾರೆ. ನ್ಯಾಯದ ಮಾತಿಗೆ ಆಮೇಲೆ ಬರುತ್ತೇನೆ.

2025ರ ಜುಲೈನಲ್ಲಿ ಜೇಮ್ಸ್ ಗನ್ ಅವರ ‘ಸೂಪರ್‌ಮ್ಯಾನ್’ ಬಂದಾಗ ಬೆಂಗಳೂರಿನ ಒಂದು ಮಾಲ್‌ನಲ್ಲಿ ನೋಡಿದೆವು. ನಾನು, ಅಕ್ಕ, ಭಾವ, ಅವರ ಮಗ, ಜೊತೆಗೆ ಭಾವನ ಆಫೀಸಿನ ಒಬ್ಬ ಹುಡುಗ. ಹುಡುಗ ಅಂದರೆ ಮೂವತ್ತು ದಾಟಿದವನೇ. ಆ ಸಿನಿಮಾ ಶುರುವಾಗುವುದೇ ಸೂಪರ್‌ಮ್ಯಾನ್ ಸೋತು ಹಿಮದ ಮೇಲೆ ದೊಪ್ಪನೆ ಬೀಳುವುದರಿಂದ. ಮೈಯೆಲ್ಲ ಏಟು, ಬಾಯಲ್ಲಿ ರಕ್ತ. ಸಿಳ್ಳೆ ಹಾಕಿ ನಾಯಿಯನ್ನು ಕರೆಯುತ್ತಾನೆ. ಕೆಂಪು ಕೇಪ್ ಹಾಕಿಕೊಂಡ ಆ ಬಿಳಿ ನಾಯಿ ಓಡಿ ಬರುತ್ತದೆ. ಬಂದು ಎತ್ತುವುದು ಬಿಟ್ಟು, ಬಿದ್ದವನ ಮೈಮೇಲೆ ಹಾರಿ ಹಾರಿ ಆಟ ಆಡುತ್ತದೆ. ಅಕ್ಕನ ಮಗ ಸೀಟಿನಿಂದ ಎದ್ದು ನಿಂತು ನಗುತ್ತಿದ್ದ. ಪಕ್ಕದಲ್ಲಿ ಈ ಹುಡುಗನ ಮುಖ ಮಾತ್ರ ಹರಳೆಣ್ಣೆ ಕುಡಿದ ಹಾಗಿತ್ತು.

ಇಂಟರ್‌ವಲ್‌ನಲ್ಲಿ ಪಾಪ್‌ಕಾರ್ನ್ ಸಾಲಿನಲ್ಲಿ ನನ್ನನ್ನು ಹಿಡಿದುಕೊಂಡ.

‘ಏನಕ್ಕಾ ಇದು, ಸೂಪರ್‌ಮ್ಯಾನ್ ಹಿಂಗೆಲ್ಲ ಒದೆ ತಿಂತಾನಾ? ನಾಯಿ ಬೇರೆ! ಪ್ಯಾಂಟ್ ಮೇಲೆ ಚಡ್ಡಿ ಬೇರೆ! ಕಾಮಿಕ್ಸ್‌ನಲ್ಲಿ ಹಿಂಗಿಲ್ಲ ಅಲ್ವಾ?’

‘ಇದೆಯಪ್ಪಾ. ನಾಯಿ 1955ರಿಂದ ಇದೆ, ಹೆಸರು ಕ್ರಿಪ್ಟೋ. ಚಡ್ಡಿ ಮೊದಲನೇ ಸಂಚಿಕೆಯಿಂದಲೇ ಇದೆ. ನಡುವೆ 2011ರಲ್ಲಿ ತೆಗೆದಿದ್ದರು, 2018ರಲ್ಲಿ ವಾಪಸ್ ಹಾಕಿದರು.’

‘ಏನೇ ಹೇಳಿ, ಒರಿಜಿನಲ್ ಸೂಪರ್‌ಮ್ಯಾನ್ ಹಿಂಗಿರ್ಲಿಲ್ಲ.’

‘ಯಾವುದಪ್ಪಾ ಒರಿಜಿನಲ್?’

‘ಮ್ಯಾನ್ ಆಫ್ ಸ್ಟೀಲ್!’

ಕೌಂಟರಿನವರು ‘ಮೇಡಂ, ಚೀಸಾ, ಕ್ಯಾರಮೆಲ್ಲಾ’ ಅಂತ ಕೇಳುತ್ತಲೇ ಇದ್ದರು. ನನಗೆ ಬಾಯಿ ಹೊರಡಲಿಲ್ಲ.

ಯಾಕೆ ಅಂತ ಹೇಳಬೇಕು. ‘ಮ್ಯಾನ್ ಆಫ್ ಸ್ಟೀಲ್’ ಬಂದದ್ದು 2013ರಲ್ಲಿ. ಝ್ಯಾಕ್ ಸ್ನೈಡರ್ ನಿರ್ದೇಶನ, ಹೆನ್ರಿ ಕ್ಯಾವಿಲ್ ನಾಯಕ. ಆಗ ಹಳೇ ಅಭಿಮಾನಿಗಳು ಬೈದ ಬೈಗುಳ ಒಂದೆರಡಲ್ಲ. ನಗು ಇಲ್ಲ, ಚಡ್ಡಿ ಇಲ್ಲ, ಊರಿಗೆ ಊರೇ ನೆಲಸಮ. ಎಲ್ಲಕ್ಕಿಂತ ಹೆಚ್ಚಾಗಿ, ಕೊನೆಯಲ್ಲಿ ಸೂಪರ್‌ಮ್ಯಾನ್ ಖಳನಾಯಕ ಜನರಲ್ ಜಾಡ್‌ನ ಕುತ್ತಿಗೆಯನ್ನು ಲಟಕ್ಕನೆ ಮುರಿಯುತ್ತಾನೆ. ಸೂಪರ್‌ಮ್ಯಾನ್ ಕಥೆಗಳನ್ನು ತಾವೇ ಬರೆದಿದ್ದ ಮಾರ್ಕ್ ವೇಯ್ಡ್ ಅಂಥವರೂ ಮನಸ್ಸು ನೊಂದು ಬರೆದರು. ಅವತ್ತು ‘ಇವನು ನಮ್ಮ ಸೂಪರ್‌ಮ್ಯಾನೇ ಅಲ್ಲ’ ಅಂದವರಲ್ಲಿ ಬಹಳ ಜನಕ್ಕೆ ಒರಿಜಿನಲ್ ಅಂದರೆ 1978ರ ಕ್ರಿಸ್ಟೋಫರ್ ರೀವ್. ಅದೂ ಸಿನಿಮಾನೇ, ಗಮನಿಸಿ. ಅಂದು ದ್ರೋಹ ಅನ್ನಿಸಿಕೊಂಡದ್ದು ಹನ್ನೆರಡೇ ವರ್ಷದಲ್ಲಿ ಪಾಪ್‌ಕಾರ್ನ್ ಸಾಲಿನಲ್ಲಿ ಒರಿಜಿನಲ್ ಆಗಿ ಕೂತಿತ್ತು. ಇನ್ನು ಹನ್ನೆರಡು ವರ್ಷ ಬಿಡಿ, ನನ್ನ ಅಕ್ಕನ ಮಗ ಯಾರದೋ ಕೊರಳಪಟ್ಟಿ ಹಿಡಿದು ‘ನಾಯಿ ಎಲ್ರೀ?’ ಅಂತ ಜಗಳ ತೆಗೆಯುತ್ತಾನೆ.

ಕುತ್ತಿಗೆ ಮುರಿದದ್ದು ಕಾಮಿಕ್ಸ್‌ಗೆ ಅವಮಾನ ಅಂತಾರಲ್ಲ, 1988ರಲ್ಲಿ ಜಾನ್ ಬರ್ನ್ ಮಾಡಿದ ಒಂದು ಸಂಚಿಕೆ ಇದೆ. ಅದರಲ್ಲಿ ಸೂಪರ್‌ಮ್ಯಾನ್ ಇದೇ ಜಾಡ್‌ನನ್ನೂ ಅವನ ಇಬ್ಬರು ಸಂಗಡಿಗರನ್ನೂ ಕ್ರಿಪ್ಟೊನೈಟ್ ಹಾಕಿ, ಅಂದರೆ ತನ್ನ ಕುಲದವರಿಗೆಲ್ಲ ವಿಷವಾದ ಹಸಿರು ಕಲ್ಲಿನಿಂದ, ಕೊಲ್ಲುತ್ತಾನೆ. ಹೊಡೆದಾಟದ ಆವೇಶದಲ್ಲಿ ಆದದ್ದೂ ಅಲ್ಲ. ಮರಣದಂಡನೆ ಅಂತ ತಾನೇ ತೀರ್ಮಾನಿಸಿ ಕೊಲ್ಲುತ್ತಾನೆ. ಆ ಪುಟಗಳನ್ನು ನೋಡಿದರೆ ಸಿನಿಮಾನೇ ಎಷ್ಟೋ ಮೆತ್ತಗೆ.

ಅವನು ಹಾರುವುದು? 1938ರ ಮೊದಲ ಕಥೆಯಲ್ಲಿ ಹಾರುವುದೇ ಇಲ್ಲ, ಬರೀ ನೆಗೆಯುತ್ತಾನೆ. ಒಂದು ನೆಗೆತಕ್ಕೆ ಮೈಲಿಯ ಎಂಟನೇ ಒಂದು ಭಾಗ, ಅಂದರೆ ಸುಮಾರು 200 ಮೀಟರ್. ಕ್ರಿಪ್ಟೊನೈಟ್ ಅನ್ನುವ ಆ ಹಸಿರು ಕಲ್ಲು ಮೊದಲು ಬಂದದ್ದು 1943ರ ರೇಡಿಯೋ ನಾಟಕದಲ್ಲಿ. ಕಾಮಿಕ್ಸ್‌ಗೆ ಬರಲು 1949 ಆಯಿತು. ಸೂಪರ್‌ಮ್ಯಾನ್‌ನ ಗೆಳೆಯ ಜಿಮ್ಮಿ ಓಲ್ಸನ್ ಅನ್ನುವ ಹೆಸರೂ ರೇಡಿಯೋದಿಂದಲೇ ಬಂದದ್ದು. ಕಾಮಿಕ್ಸ್‌ನಲ್ಲೂ ಹೀಗೇ ಇದೆಯಾ ಅಂತ ನನ್ನನ್ನು ಕೇಳುತ್ತೀರಿ, ಆ ಕಾಮಿಕ್ಸಿನವರೇ ರೇಡಿಯೋ ಕೇಳಿಕೊಂಡು ಬರೆಯುತ್ತಿದ್ದರು.

ಬ್ಯಾಟ್‌ಮ್ಯಾನ್ ಅಭಿಮಾನಿಗಳು ಇನ್ನೂ ಒಂದು ಕೈ ಮೇಲು. ಮೈಕಲ್ ಕೀಟನ್ ಬ್ಯಾಟ್‌ಮ್ಯಾನ್ ಆಗ್ತಾರೆ ಅಂತ 1988ರಲ್ಲಿ ಸುದ್ದಿ ಬಂದಾಗ, ಕಾಮಿಡಿ ಪಾತ್ರ ಮಾಡುವವನಿಗೆ ಯಾಕೆ ಕೊಟ್ಟಿರಿ ಅಂತ ಸ್ಟುಡಿಯೋಗೆ ಸುಮಾರು 50,000 ಪತ್ರ ಬಂದವು ಅಂತ ವರದಿಗಳಿವೆ. ಕೂತು ಬರೆದು, ಸ್ಟ್ಯಾಂಪ್ ಅಂಟಿಸಿ, ಡಬ್ಬಿಗೆ ಹಾಕಿ ಬರಬೇಕಿದ್ದ ಕಾಲ ಅದು. ನಮ್ಮ ಪಂಪ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಕೊಟ್ಟು ಮದುವೆ ಮಾಡಿಸಿದ, ಪುಣ್ಯಕ್ಕೆ ಆಗ ಅಂಚೆ ಇರಲಿಲ್ಲ. ಆಮೇಲೆ ಅದೇ ಕೀಟನ್ ಅವರನ್ನು 2023ರ ‘ದಿ ಫ್ಲ್ಯಾಶ್’ನಲ್ಲಿ ವಾಪಸ್ ಕರೆತಂದರು. ಟ್ರೇಲರ್ ನೋಡಿದ ಜನ ಕಣ್ಣೊರೆಸಿಕೊಂಡರು. ನಡುವೆ 2006ರಲ್ಲಿ ಬ್ಯಾಟ್‌ಮ್ಯಾನ್‌ನ ಶತ್ರು ಜೋಕರ್ ಪಾತ್ರಕ್ಕೆ ಹೀತ್ ಲೆಡ್ಜರ್ ಅಂದಾಗಲೂ ಇದೇ ಗಲಾಟೆ. 2009ರಲ್ಲಿ ಆ ಪಾತ್ರಕ್ಕೇ ಆಸ್ಕರ್ ಬಂತು, ಪಡೆಯಲು ಅವರೇ ಇರಲಿಲ್ಲ. ಆಮೇಲೆ ಬ್ಯಾಟ್‌ಮ್ಯಾನ್ ಆದ ಬೆನ್ ಆಫ್ಲೆಕ್, ರಾಬರ್ಟ್ ಪ್ಯಾಟಿನ್ಸನ್ ಕಥೆ ಹೇಳುತ್ತಾ ಕೂರಲ್ಲ, ಹೆಸರು ಬದಲಾಯಿಸಿ ಓದಿಕೊಳ್ಳಿ.

ಒಂದೊಂದು ಸಲ ‘ಕಾಮಿಕ್ಸ್‌ನಲ್ಲಿ ಹೀಗಿಲ್ಲ’ ಅನ್ನುವುದು ಬೇರೆ ಏನನ್ನೋ ಮುಚ್ಚಿಡುವ ಬಟ್ಟೆ. 2015ರ ‘ಫೆಂಟಾಸ್ಟಿಕ್ ಫೋರ್’ನಲ್ಲಿ ಜಾನಿ ಸ್ಟಾರ್ಮ್ ಆಗಿ ಮೈಕಲ್ ಬಿ. ಜೋರ್ಡನ್ ಬಂದಾಗ ಬೈದವರು ಅವರ ನಟನೆ ನೋಡಿ ಬೈಯಲಿಲ್ಲ, ಸಿನಿಮಾ ಇನ್ನೂ ಬಂದೇ ಇರಲಿಲ್ಲ. ಮೈಗೆ ಬೆಂಕಿ ಹತ್ತಿಕೊಂಡು ಆಕಾಶದಲ್ಲಿ ಹಾರುವ ಮನುಷ್ಯನನ್ನು ಒಪ್ಪುತ್ತಾರೆ, ಅವನು ಕಪ್ಪು ಮನುಷ್ಯ ಅಂದರೆ ಆಗಲ್ಲ. ಇಂಥ ಸಿಟ್ಟಿಗೆ ನನ್ನ ಕಪಾಟಿನಿಂದ ಸಾಕ್ಷಿ ಕೇಳಬೇಡಿ.

ಹಾಗಂತ ಎಲ್ಲವನ್ನೂ ಹೊಗಳಿಕೊಂಡು ಕೂತಿದ್ದೇನೆ ಅಂದುಕೊಳ್ಳಬೇಡಿ. ನಾನೂ ಬೈಯುತ್ತೇನೆ, ಚೆನ್ನಾಗಿಯೇ ಬೈಯುತ್ತೇನೆ. ಗನ್ ಅವರ ಸಿನಿಮಾದಲ್ಲಿ ಸೂಪರ್‌ಮ್ಯಾನ್‌ನ ಬೇರೆ ಗ್ರಹದ ಹೆತ್ತವರೇ ‘ಭೂಮಿಯ ಜನರನ್ನು ಆಳು’ ಅಂತ ಸಂದೇಶ ಕಳಿಸಿರುತ್ತಾರೆ. ಅದು ನನಗೆ ಒಂಚೂರೂ ಹಿಡಿಸಲಿಲ್ಲ. ಹೆತ್ತವರನ್ನು ಕೆಟ್ಟವರನ್ನಾಗಿ ಮಾಡದೆಯೂ ಸಾಕಿದವರ ಒಳ್ಳೆಯತನ ತೋರಿಸಬಹುದಿತ್ತು. ಹಿಡಿಸಲಿಲ್ಲ ಅನ್ನುವುದಕ್ಕೆ ನನಗೆ 1938ರ ಅಪ್ಪಣೆ ಬೇಕಿಲ್ಲ. ನಿಮಗೂ ಬೇಕಿಲ್ಲ. ‘ನನಗೆ ಇಷ್ಟ ಆಗಲಿಲ್ಲ’ ಅನ್ನಿ, ಕಾಫಿ ಕುಡಿಯುತ್ತಾ ಎರಡು ಗಂಟೆ ಜಗಳ ಆಡೋಣ.

ಅಂದ ಹಾಗೆ ನಮ್ಮ ಸೆನ್ಸಾರಿನವರು ಆ ಸಿನಿಮಾದಲ್ಲಿ ಮುತ್ತಿನ ದೃಶ್ಯದ 33 ಸೆಕೆಂಡ್ ಕತ್ತರಿಸಿದ್ದರು. ‘ಕಾಮಿಕ್ಸ್‌ನಲ್ಲೂ ಹೀಗೇ ಇದೆಯಾ?’ ಅಂತ ಅದಕ್ಕೆ ಮಾತ್ರ ಯಾರೂ ಕೇಳಲಿಲ್ಲ.

ಇನ್ನು ನ್ಯಾಯದ ಮಾತು. ಮೂಲ, ಮೂಲ ಅಂತ ಇಷ್ಟು ಬಡಿದುಕೊಳ್ಳುವವರಲ್ಲಿ ಒಬ್ಬರಾದರೂ ‘ಮೂಲ ಬರೆದವರಿಗೆ ಏನು ಸಿಕ್ತು?’ ಅಂತ ಕೇಳಲಿ ಅಂತ ಕಾಯುತ್ತಿದ್ದೇನೆ. ಕೇಳುವುದಿಲ್ಲ. ನಾನೇ ಹೇಳುತ್ತೇನೆ.

ಸೂಪರ್‌ಮ್ಯಾನ್‌ನನ್ನು ಹುಟ್ಟಿಸಿದವರು ಕ್ಲೀವ್‌ಲ್ಯಾಂಡಿನ ಇಬ್ಬರು ಗೆಳೆಯರು. ಬರೆದವರು ಜೆರ್ರಿ ಸೀಗಲ್, ಚಿತ್ರ ಬಿಡಿಸಿದವರು ಜೋ ಶುಸ್ಟರ್. 1938ರಲ್ಲಿ ಅವನ ಪೂರ್ತಿ ಹಕ್ಕಿಗೆ ಅವರಿಗೆ ಸಿಕ್ಕಿದ್ದು 130 ಡಾಲರ್, ತಲಾ 65. ಬೇರೆ ಕೆಲಸದ ಬಾಕಿಯನ್ನೂ ಸೇರಿಸಿ ಪ್ರಕಾಶಕರು 412 ಡಾಲರಿನ ಒಂದು ಚೆಕ್ ಕೊಟ್ಟರು. ಆ ಚೆಕ್ಕಿನಲ್ಲಿ ಇಬ್ಬರ ಹೆಸರೂ ತಪ್ಪಾಗಿ ಬರೆದಿತ್ತು. 2012ರಲ್ಲಿ ಆ ಹಳೇ ಕಾಗದದ ಚೂರು ಹರಾಜಿನಲ್ಲಿ 1,60,000 ಡಾಲರಿಗೆ ಹೋಯಿತು. ಅಷ್ಟು ಹೊತ್ತಿಗೆ ಬರೆದವರೂ ಇಲ್ಲ, ಬಿಡಿಸಿದವರೂ ಇಲ್ಲ.

1975ರಲ್ಲಿ ದೊಡ್ಡ ಬಜೆಟ್ಟಿನ ಸೂಪರ್‌ಮ್ಯಾನ್ ಸಿನಿಮಾ ಬರ್ತಿದೆ ಅಂತ ಸುದ್ದಿಯಾದಾಗ ಸೀಗಲ್ ಲಾಸ್ ಏಂಜಲೀಸ್‌ನಲ್ಲಿ ಗುಮಾಸ್ತರಾಗಿದ್ದರು. ಶುಸ್ಟರ್‌ಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಸೀಗಲ್ ಏನು ಮಾಡಿದರು ಗೊತ್ತಾ? ಪತ್ರಿಕೆಗಳಿಗೆ ಉದ್ದ ಹೇಳಿಕೆ ಕಳಿಸಿ, ಈ ಸಿನಿಮಾ ಹಾಳಾಗಿ ಹೋಗಲಿ ಅಂತ ಶಾಪ ಹಾಕಿದರು. ಬಹಿರಂಗವಾಗಿ, ಸ್ವಂತ ಹೆಸರಿನಲ್ಲಿ. ಸೂಪರ್‌ಹೀರೋ ಸಿನಿಮಾವನ್ನು ಬಿಡುಗಡೆಗೆ ಮುಂಚೆಯೇ ಶಪಿಸಲು ಹಕ್ಕಿದ್ದ ಮನುಷ್ಯ ಅಂದರೆ ಅವರೊಬ್ಬರೇ ಅಂತ ನನ್ನ ಲೆಕ್ಕ. ನೀಲ್ ಆಡಮ್ಸ್, ಜೆರ್ರಿ ರಾಬಿನ್ಸನ್ ಅಂಥ ಚಿತ್ರಕಾರರು ಬೆನ್ನಿಗೆ ನಿಂತರು. ಪ್ರಕಾಶನ ಕಂಪನಿಯ ಮಾನ ಪತ್ರಿಕೆಗಳಲ್ಲಿ ಹರಾಜಾಗತೊಡಗಿತು. ಕೊನೆಗೆ ಆ ವರ್ಷದ ಡಿಸೆಂಬರಿನಲ್ಲಿ ಇಬ್ಬರಿಗೂ ವರ್ಷಕ್ಕೆ 20,000 ಡಾಲರ್ ಪಿಂಚಣಿ ಕೊಡಲು ಒಪ್ಪಿದರು. ಸೃಷ್ಟಿಕರ್ತರು ಅಂತ ಹೆಸರು ಹಾಕಲೂ ಒಪ್ಪಿದರು. ರೀವ್ ಅವರ ಸಿನಿಮಾದಲ್ಲಿ ಆ ಹೆಸರುಗಳಿವೆ. ನೀವು ‘ಒರಿಜಿನಲ್’ ಅನ್ನುತ್ತೀರಲ್ಲ, ಅದೇ ಸಿನಿಮಾ.

ಬ್ಯಾಟ್‌ಮ್ಯಾನ್ ವಿಷಯ ಇದಕ್ಕಿಂತ ಕೆಟ್ಟದ್ದು. ಚಿತ್ರಕಾರ ಬಾಬ್ ಕೇನ್ ಮೊದಲು ಬರೆದ ಚಿತ್ರದಲ್ಲಿ ಬ್ಯಾಟ್‌ಮ್ಯಾನ್‌ಗೆ ಕೆಂಪು ಬಟ್ಟೆ, ಕಣ್ಣಿಗೆ ಚಿಕ್ಕ ಮುಖವಾಡ, ಬೆನ್ನಿಗೆ ಗಟ್ಟಿ ರೆಕ್ಕೆ. ರೆಕ್ಕೆ ತೆಗೆದು ಕೇಪ್ ಹಾಕು, ತಲೆ ಮುಚ್ಚುವ ಕಿವಿಯ ಟೋಪಿ ಕೊಡು, ಬಣ್ಣ ಬೂದಿ ಇರಲಿ ಅಂತ ಹೇಳಿಕೊಟ್ಟವರು ಕಥೆಗಾರ ಬಿಲ್ ಫಿಂಗರ್. ಮುಖವಾಡದ ಹಿಂದಿನ ಬ್ರೂಸ್ ವೇಯ್ನ್ ಅನ್ನುವ ಹೆಸರು ಅವರದು, ಗಾಥಮ್ ಅನ್ನುವ ಊರಿನ ಹೆಸರು ಅವರದು. ಕರಾರಿನ ಪ್ರಕಾರ ಸೃಷ್ಟಿಕರ್ತ ಮಾತ್ರ ಕೇನ್ ಒಬ್ಬರೇ. ಕೇನ್ ತಮ್ಮ ಆತ್ಮಕಥೆಯಲ್ಲಿ ಫಿಂಗರ್ ಪಾಲನ್ನು ಒಪ್ಪಿಕೊಂಡದ್ದು 1989ರಲ್ಲಿ. ಫಿಂಗರ್ ತೀರಿಕೊಂಡದ್ದು 1974ರಲ್ಲಿ. ಮಕ್ಕಳ ಪುಸ್ತಕ ಬರೆಯುವ ಮಾರ್ಕ್ ಟೈಲರ್ ನೋಬಲ್‌ಮನ್ ಹಟ ಹಿಡಿದು ಹುಡುಕಿ, ಫಿಂಗರ್ ಅವರ ಮೊಮ್ಮಗಳನ್ನು ಪತ್ತೆ ಮಾಡಿದರು. ಆಕೆ ಪಟ್ಟು ಬಿಡಲಿಲ್ಲ. 2015ರಲ್ಲಿ ಕಂಪನಿ ಫಿಂಗರ್ ಹೆಸರು ಹಾಕಲು ಒಪ್ಪಿತು.

ಹಾಗೆ ಫಿಂಗರ್ ಹೆಸರು ಬ್ಯಾಟ್‌ಮ್ಯಾನ್ ಸೃಷ್ಟಿಯ ಸಾಲಿನಲ್ಲಿ ಬಂದ ಮೊದಲ ಸಿನಿಮಾ 2016ರ ‘ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್’. ಬ್ಯಾಟ್‌ಮ್ಯಾನ್ ಅದರಲ್ಲಿ ಜನರನ್ನು ಕೊಲ್ಲುತ್ತಾನೆ, ಇದು ಮೂಲಕ್ಕೇ ಬಗೆದ ದ್ರೋಹ ಅಂತ ಲೋಕವೆಲ್ಲ ಉಗಿದ ಸಿನಿಮಾ ಅದೇ. 1939ರ ಮೊಟ್ಟಮೊದಲ ಕಥೆಯಲ್ಲಿ ಬ್ಯಾಟ್‌ಮ್ಯಾನ್ ಕಳ್ಳನಿಗೆ ಒಂದು ಗುದ್ದು ಕೊಡುತ್ತಾನೆ, ಅವನು ಹೋಗಿ ಆಸಿಡ್ ತೊಟ್ಟಿಗೆ ಬೀಳುತ್ತಾನೆ. ಇವನಿಗೆ ತಕ್ಕ ಶಾಸ್ತಿಯಾಯಿತು ಅನ್ನುವ ಅರ್ಥದ ಮಾತಾಡಿ ಬ್ಯಾಟ್‌ಮ್ಯಾನ್ ಮುಂದಿನ ಕೆಲಸ ನೋಡಿಕೊಳ್ಳುತ್ತಾನೆ. ಬರೆದವರು ಬಿಲ್ ಫಿಂಗರ್.