ಗಣಿಯ ಕಂಬ, ಹೊಳೆಯ ಉಸುಕು

ಗೋವಾ ಬಂದರಿನಿಂದ ತೋರಣಗಲ್ಲಿಗೆ ಹೋಗುವ ಕಲ್ಲಿದ್ದಲಿನ ಗೂಡ್ಸ್ ಗಾಡಿಗಳು ಹುಬ್ಬಳ್ಳಿ, ಗದಗ ದಾಟಿಯೇ ಹೋಗುತ್ತವೆ. ಹಾಗಾಗಿ ಕಲ್ಲಿದ್ದಲು ಪೋಲು ಎಂದರೆ ನಮ್ಮ ಕಡೆ ವ್ಯಾಗನ್ನಿನಿಂದ ಹಾರುವ ಪುಡಿಯೇ ನೆನಪಾಗುತ್ತದೆ. ಆರೋಗ್ಯದ ಮಾತು ಬೇರೆ. ನಷ್ಟದ ಲೆಕ್ಕದಲ್ಲಿ ಅದು ಚಿಲ್ಲರೆ. ದೊಡ್ಡ ನಷ್ಟ ಆಗುವುದು ಗಣಿಯೊಳಗೆ.

ನಮ್ಮ ದೇಶದ ಭೂಗತ ಗಣಿಗಳಲ್ಲಿ ಹೆಚ್ಚಾಗಿ ಇರುವುದು ಬೋರ್ಡ್ ಅಂಡ್ ಪಿಲ್ಲರ್ ಪದ್ಧತಿ. ಅಡ್ಡ-ಉದ್ದ ಗಲ್ಲಿ ಕೊರೆದು, ಮೇಲಿನ ನೆಲ ಹೊರಲು ಕಲ್ಲಿದ್ದಲಿನದೇ ಕಂಬ ಬಿಡುತ್ತಾರೆ. ಗಲ್ಲಿಯ ಅಗಲ 4.2 ಮೀಟರ್, ಕಂಬದ ನಡುವಿನಿಂದ ಪಕ್ಕದ ಕಂಬದ ನಡುವಿಗೆ 30 ಮೀಟರ್ ಎಂದಿಟ್ಟುಕೊಳ್ಳಿ. ಕಂಬದ ಬದಿ 25.8 ಮೀಟರ್ ಆಯಿತು. ಮೊದಲ ಸುತ್ತಿನಲ್ಲಿ ಕೈಗೆ ಸಿಗುವುದು ಶೇ. 26, ಉಳಿದ ಶೇ. 74 ಕಂಬದಲ್ಲೇ. ಆಳ ಹೆಚ್ಚಿದಂತೆ ಕಂಬ ಇನ್ನೂ ದಪ್ಪ ಇರಬೇಕು.

ಎರಡನೇ ಸುತ್ತಿನಲ್ಲಿ ಕಂಬ ತೆಗೆಯಬಹುದು. ಮೇಲೆ ಊರು, ಹಳಿ, ಹೊಳೆ ಇಲ್ಲದಿದ್ದರೆ ಚಾವಣಿ ಕುಸಿಯಲು ಬಿಡುತ್ತಾ ಹಿಂದೆ ಸರಿಯುತ್ತಾರೆ. ಇದ್ದರೆ ಪೊಳ್ಳನ್ನು ಉಸುಕಿನಿಂದ ತುಂಬಬೇಕು. ಒಂದು ಟನ್ ಕಲ್ಲಿದ್ದಲು ತೆಗೆದಲ್ಲಿ ಸುಮಾರು 0.7 ಘನ ಮೀಟರ್ ಪೊಳ್ಳಾಗುತ್ತದೆ, ಅಂದರೆ ಒಂದು ಟನ್ನಿಗೂ ಮಿಕ್ಕಿ ಉಸುಕು ಬೇಕು. ಜಾರ್ಖಂಡಿನ ಝರಿಯಾ, ಬಂಗಾಳದ ರಾಣಿಗಂಜ್ ಗಣಿಗಳಿಗೆ ಅದು ಬಂದದ್ದು ದಾಮೋದರ ನದಿಯಿಂದ, ತೆಲಂಗಾಣದ ಸಿಂಗರೇಣಿ ಗಣಿಗಳಿಗೆ ಗೋದಾವರಿಯಿಂದ. ತುಂಗಭದ್ರಾ, ವರದಾ ದಂಡೆಯ ಹಾವೇರಿ ಮಂದಿಗೆ ಹೊಳೆಯ ಉಸುಕು ಬಗೆಯುವುದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಹೊಳೆ ಬಿಟ್ಟು ಬೇರೆ ದಾರಿ ಗಣಿಯ ಪಕ್ಕದಲ್ಲೇ ರಾಶಿ ಬಿದ್ದಿರುತ್ತದೆ. ತೆರೆದ ಗಣಿಯಲ್ಲಿ ಕಲ್ಲಿದ್ದಲಿನ ಮೇಲಿಂದ ತೆಗೆದ ಮರಳುಗಲ್ಲನ್ನು ಕ್ರಷರಿಗೆ ಹಾಕಿ, ಜರಡಿ ಹಿಡಿದು, ತೊಳೆದರೆ ಉಸುಕು ಸಿಗುತ್ತದೆ. ನಮ್ಮ ಎಂ-ಸ್ಯಾಂಡ್ ಘಟಕದ ಕೆಲಸವೇ. ತೊಳೆಯುವುದರಲ್ಲಿ ಮಾತ್ರ ಜುಗ್ಗತನ ಮಾಡಬಾರದು. ಉಸುಕು ನೀರಿನೊಂದಿಗೆ ಪೈಪಿನಲ್ಲಿ ಇಳಿದು, ಪೊಳ್ಳಿನ ಬಾಯಿಗೆ ಕಟ್ಟಿದ ತಡಿಕೆಯ ಹಿಂದೆ ನಿಂತು, ನೀರು ಬಸಿದುಹೋಗಬೇಕು. ಜೇಡಿ ಉಳಿದಿದ್ದರೆ ತಡಿಕೆಯ ಕಣ್ಣು ಕಟ್ಟಿ, ಹಿಂದೆ ನೀರು ಏರಿ, ತಡಿಕೆಯೇ ಒಡೆದು ರಾಡಿ ಕೆಲಸಗಾರರ ಮೇಲೆ ನುಗ್ಗುತ್ತದೆ. ಉಸುಕಿನ ಬದಲು ವಿದ್ಯುತ್ ಸ್ಥಾವರದ ಹಾರುಬೂದಿ ತುಂಬಿದರೂ ಇದೇ ತೊಂದರೆ. ಕಣ ತೀರ ಸಣ್ಣದು, ನೀರು ಬೇಗ ಬಿಡುವುದಿಲ್ಲ. ಅದನ್ನು ತೆಳ್ಳಗೆ ಕಲಸಿ ಸುರಿಯುವ ಬದಲು ಸ್ವಲ್ಪ ಸಿಮೆಂಟ್ ಸೇರಿಸಿ ಗಟ್ಟಿ ಹದದಲ್ಲಿ ಇಳಿಸುವುದು ಮೇಲು. ಬಾಯ್ಲರ್ ತಳದ ದಪ್ಪ ಬೂದಿಯಾದರೆ ನೀರು ಸಲೀಸಾಗಿ ಬಿಡುತ್ತದೆ.

ಕ್ರಷರ್ ಉಸುಕಿನ ಅಂಚು ಚೂಪು, ಪೈಪಿನ ತಳ ಬೇಗ ಸವೆಯುತ್ತದೆ. ಆಗಾಗ ಪೈಪನ್ನು ಮೂರನೇ ಒಂದು ಸುತ್ತು ತಿರುಗಿಸಿ ಕೂರಿಸಿದರೆ ಸವೆತ ಹಂಚಿಹೋಗುತ್ತದೆ.

ಇನ್ನು ಬೆಂಕಿ. ಪೊಳ್ಳಿನಲ್ಲಿ ಬಿಟ್ಟ ಕಲ್ಲಿದ್ದಲಿನ ಚೂರಿಗೆ ಗಾಳಿ ನುಸುಳಿದರೆ ತಿಂಗಳುಗಳಲ್ಲಿ ತಾನೇ ಕಾದು ಹೊತ್ತಿಕೊಳ್ಳುತ್ತದೆ. ಅಷ್ಟರೊಳಗೆ ಕಂಬ ತೆಗೆದು ಮುಚ್ಚಬೇಕು ಎಂದು ಗಣಿಯ ಪಾಲುಗಳಾದ ಪ್ಯಾನೆಲ್‌ಗಳನ್ನು ಚಿಕ್ಕದಾಗಿ ಇಡುತ್ತಾರೆ. ಆದರೆ ಎರಡು ಪ್ಯಾನೆಲ್ ನಡುವಿನ ತಡೆಗೋಡೆಯೂ ಕಲ್ಲಿದ್ದಲೇ. ಪೊಳ್ಳನ್ನು ಚಾವಣಿಯವರೆಗೆ ಬಿಗಿಯಾಗಿ ತುಂಬಿದಲ್ಲಿ ಗಾಳಿಗೆ ಸಂದಿ ಕಡಿಮೆ. ಪ್ಯಾನೆಲ್ ದೊಡ್ಡದು ಮಾಡಬಹುದು, ತಡೆಗೋಡೆಗೆ ಹೋಗುವ ಕಲ್ಲಿದ್ದಲೂ ಅಷ್ಟು ಕೈಗೆ ಸಿಗುತ್ತದೆ.