ಕಲಿಸಲು ಬಂದವರು ಕಲಿತ ಗುಡ್ಡ

ಧಾರವಾಡದಲ್ಲಿ ರಾತ್ರಿ ಬಸ್ಸು ಹತ್ತಿ ಬೆಳಗ್ಗೆ ಮಂಗಳೂರಿನ ಬಿಜೈಯಲ್ಲಿ ಇಳಿದಾಗ ಸೆಕೆ ಬಾಗಿಲಲ್ಲೇ ಕಾಯುತ್ತಿತ್ತು. ನಮ್ಮ ಚರ್ಚ್ ಸಭೆಯ ಸಂಡೇ ಸ್ಕೂಲ್ ಶಿಕ್ಷಕರ ಗುಂಪು ನಮ್ಮದು. ಎಲ್ಲರಿಗೂ ಪಣಂಬೂರು ಬೀಚಿನ ಆಸೆ. ನನಗೆ ಬಾಸೆಲ್ ಮಿಷನ್ನಿನವರು ನೆಲೆಸಿದ್ದ ಬಲ್ಮಠ ಗುಡ್ಡ ನೋಡಬೇಕಿತ್ತು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಅದು. ಆ ಮಿಷನ್ನಿನ ಜರ್ಮನ್ ಪಾದ್ರಿ ಕಿಟೆಲ್ ಹೆಸರಿನ ಕಾಲೇಜು ಇರುವ ಊರಿನಲ್ಲಿ ಬೆಳೆದವನಿಗೆ, ಅವರ ಕನ್ನಡ ನಿಘಂಟು ಅಚ್ಚಾದ ಊರನ್ನು ನೋಡುವ ಆಸೆ ಇರುತ್ತದೆ ಅಲ್ವಾ?

ನೀರುದೋಸೆ ತಿಂದು ಆಟೋ ಹಿಡಿದೆವು. ಬಲ್ಮಠ ಈಗ ಊರಿನ ನಟ್ಟನಡುವಿದೆ. ಅಂಗಡಿ, ಆಸ್ಪತ್ರೆ, ಹಾರ್ನ್ ಸದ್ದು. ಗೇಟು ದಾಟಿ ಥಿಯಾಲಾಜಿಕಲ್ ಕಾಲೇಜಿನ ಅಂಗಳಕ್ಕೆ ಬಂದರೆ ಸದ್ದು ಸ್ವಲ್ಪ ತಗ್ಗುತ್ತದೆ. ದೊಡ್ಡ ಮರಗಳು, ಕೆಂಪು ಹೆಂಚಿನ ಮಾಡು, ಪಕ್ಕದಲ್ಲೇ ಶಾಂತಿ ಕೆಥೆಡ್ರಲ್.

ಬಾಸೆಲ್ ಮಿಷನ್ನಿನ ಮೊದಲ ಮೂವರು, ಹೆಬಿಕ್, ಲೆಹ್ನರ್ ಮತ್ತು ಗ್ರೈನರ್, ಈ ಕರಾವಳಿಗೆ ಬಂದದ್ದು 1834ರಲ್ಲಿ. ಅವರು ಬಂದದ್ದು ಕಲಿಸಲಿಕ್ಕೆ, ಅದರಲ್ಲಿ ಅನುಮಾನವಿಲ್ಲ. ಆದರೆ ಇಳಿದ ಕೂಡಲೇ ಕೂರಬೇಕಾಗಿ ಬಂದದ್ದು ವಿದ್ಯಾರ್ಥಿಯ ಬೆಂಚಿನ ಮೇಲೆ. ಬೈಬಲ್ ಹೇಳಬೇಕಾದರೂ ಮೊದಲು ಕನ್ನಡ ಬೇಕು, ತುಳು ಬೇಕು. ಅದನ್ನು ಕಲಿಸಬಲ್ಲವರು ಇಲ್ಲಿಯ ಜನ ಮಾತ್ರ. 1842ರಲ್ಲಿ ಮತ್ತಾಯನ ಸುವಾರ್ತೆ ತುಳುವಿನಲ್ಲಿ ಕಲ್ಲಚ್ಚಿನಿಂದ ಹೊರಬಂತು. ಮರುವರ್ಷ ಜುಲೈ 1ಕ್ಕೆ ಅದೇ ಮಿಷನ್ನಿನ ಮೋಗ್ಲಿಂಗ್ ‘ಮಂಗಳೂರು ಸಮಾಚಾರ’ ಶುರು ಮಾಡಿದರು. ಅದು ಕನ್ನಡದ ಮೊದಲ ಪತ್ರಿಕೆ. ಅದೇ ಮೋಗ್ಲಿಂಗ್ ಮುಂದೆ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು.

ಕಿಟೆಲ್ ಇನ್ನೂ ಒಂದು ಹೆಜ್ಜೆ ಮುಂದೆ. 1853ರಲ್ಲಿ, ಇಪ್ಪತ್ತೊಂದನೇ ವಯಸ್ಸಿಗೆ ಬಂದವರು. 1872ರಲ್ಲಿ ಕೇಶಿರಾಜನ ವ್ಯಾಕರಣವನ್ನು, 1875ರಲ್ಲಿ ನಾಗವರ್ಮನ ಛಂದಸ್ಸನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಕ್ರೈಸ್ತ ಪಾದ್ರಿಯೊಬ್ಬರು ಹದಿಮೂರನೇ ಶತಮಾನದ ಜೈನ ಕವಿ ಕೇಶಿರಾಜನ ಮುಂದೆ ಶಿಷ್ಯನಾಗಿ ಕೂತರು ಅಂದರೆ ಸಣ್ಣ ಮಾತಲ್ಲ. ಸುಮಾರು 70,000 ಪದಗಳ ನಿಘಂಟು ಬಂದದ್ದು 1894ರಲ್ಲಿ. ಬಂದ ಮೇಲೆ ನಲವತ್ತು ವರ್ಷ ದಾಟಿತ್ತು.

ಹಾಗಂತ ಇವರೆಲ್ಲ ದೀನತೆಯ ಮೂರ್ತಿಗಳು ಅಂತ ಬರೆದರೆ ಸುಳ್ಳಾಗುತ್ತದೆ. ಭಾಷೆಯ ವಿಷಯಕ್ಕೆ ತಲೆಬಾಗಿದರು. ಇಲ್ಲಿಯ ನಂಬಿಕೆ, ಆಚರಣೆಗಳ ವಿಷಯಕ್ಕೆ ಬಂದಾಗ ಅವರ ಬರಹದಲ್ಲಿ ಗಡಸುತನ ಜಾಸ್ತಿ. ಕಲಿಯುವ ಮನಸ್ಸು ಒಂದು ಕಡೆ ತೆರೆದು ಇನ್ನೊಂದು ಕಡೆ ಮುಚ್ಚಿರಬಹುದು. ನಮ್ಮ ಸಭೆಗಳಲ್ಲೂ ಇದನ್ನು ನೋಡುತ್ತೇನೆ. ಹೊಸ ಗಿಟಾರು, ಪ್ರೊಜೆಕ್ಟರ್ ಎಲ್ಲ ಬೇಗ ಕಲಿಯುತ್ತೇವೆ. ಪಕ್ಕದ ಪಂಗಡದವರ ಪ್ರಾರ್ಥನೆಯಿಂದ ಏನಾದರೂ ಕಲಿಯಬಹುದು ಅಂದರೆ ಮುಖ ಸಿಂಡರಿಸುತ್ತೇವೆ.

ಅದಕ್ಕೇ ಮಧ್ಯಾಹ್ನ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್‌ಗೆ ಹೋಗೋಣ ಅಂದಾಗ ನಮ್ಮಲ್ಲೇ ಒಬ್ಬರು ಸ್ವಲ್ಪ ಹಿಂದೆ ಉಳಿದರು. ಅದು ಕ್ಯಾಥೊಲಿಕರದ್ದು. ನಾವು ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರೊಟೆಸ್ಟಂಟ್ ಪಂಗಡದ ಜನ, ನಮ್ಮ ದೇವಾಲಯದ ಗೋಡೆ ಬರೀ ಸುಣ್ಣದ ಗೋಡೆ. ಅಲ್ಲಿ ಒಂದು ಶಿಲುಬೆ, ಒಂದು ಗಡಿಯಾರ. ಚಾಪೆಲ್‌ನಲ್ಲಿ ಕಣ್ಣು ಹೋದಲ್ಲೆಲ್ಲ ಚಿತ್ರ. ಬರೆದದ್ದು ಇಟಲಿಯ ಆಂಟೋನಿಯೊ ಮೊಸ್ಕೇನಿ, 1899ರಿಂದ 1901ರ ಒಳಗೆ. ಫ್ರೆಸ್ಕೊ ಕೆಲಸಕ್ಕೆ ಹಸಿ ಗಾರೆ ಬೇಕು. ಗಾರೆ ಒಣಗುವ ಮೊದಲೇ ಬಣ್ಣ ಕೂರಬೇಕು. ಬೆಳಗ್ಗೆ ಹಚ್ಚಿದ್ದು ಅಂದೇ ಮುಗಿಯಬೇಕು. ಮಂಗಳೂರಿನ ಈ ಹವೆಯಲ್ಲಿ, ಅಷ್ಟೆತ್ತರದ ಅಟ್ಟಣಿಗೆಯ ಮೇಲೆ!

ಮೊಸ್ಕೇನಿ ಗುರುದೀಕ್ಷೆ ಪಡೆದ ಫಾದರ್ ಅಲ್ಲ, ಜೆಸ್ವಿತ್ ಎಂಬ ಕ್ಯಾಥೊಲಿಕ್ ಸಂನ್ಯಾಸಿ ಸಭೆಯ ಬ್ರದರ್. ಪೂಜೆ ಕೊಡುವ ಅಧಿಕಾರ ಇಲ್ಲದ ಮನುಷ್ಯ. ಈ ಊರಿನ ದೊಡ್ಡ ಉಪದೇಶ ಅವರ ಕುಂಚದ್ದೇ ಅಂತ ನನಗನ್ನಿಸಿತು. ಮೇಲೆ ಬರೆದದ್ದು ಅಲೋಶಿಯಸ್ ಗೊನ್ಜಾಗನ ಕಥೆ. ಅರಸು ಮನೆತನದ ಹಿರಿಮಗ. ಆಸ್ತಿ ತಮ್ಮನಿಗೆ ಬಿಟ್ಟುಕೊಟ್ಟ, ರೋಮಿನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡಿ 1591ರಲ್ಲಿ ಇಪ್ಪತ್ತಮೂರಕ್ಕೇ ತೀರಿಕೊಂಡ. ಹಿಂದೆ ಉಳಿದಿದ್ದ ನಮ್ಮವರು ಕುತ್ತಿಗೆ ನೋಯುವಷ್ಟು ಹೊತ್ತು ಮೇಲೆ ನೋಡುತ್ತಾ ಕೂತರು. ಏನನ್ನಿಸಿತು ಅಂತ ನಾನು ಕೇಳಲಿಲ್ಲ.

ಸಂಜೆ ಜೆಪ್ಪು ಕಡೆಯ ಒಂದು ಮನೆಯಲ್ಲಿ ಬೈಬಲ್ ಅಧ್ಯಯನ. ಪರಿಚಯದವರು ಕರೆದಿದ್ದರು. ನೇತ್ರಾವತಿ ದಡದ ಈ ಜೆಪ್ಪುವಿನಲ್ಲೇ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು. ಗೋಳಿಬಜೆ, ಚಹಾ ಆದ ಮೇಲೆ ಅಲ್ಲಿಯ ಸಭಾಪಾಲಕರು (ಪಾದ್ರಿ) ಅಪೊಸ್ತಲರ ಕೃತ್ಯಗಳು 18ನೇ ಅಧ್ಯಾಯ ತೆಗೆದರು. ಅಪೊಲ್ಲೋಸ ಅಲೆಕ್ಸಾಂದ್ರಿಯದವನು, ಮಾತಿನಲ್ಲಿ ಗಟ್ಟಿಗ, ಶಾಸ್ತ್ರ ಬಲ್ಲವನು. ಅವನಿಗೆ ಗೊತ್ತಿದ್ದದ್ದು ಯೋಹಾನನ ದೀಕ್ಷಾಸ್ನಾನ ಮಾತ್ರ. ಎಫೆಸದಲ್ಲಿ ಅವನ ಮಾತು ಕೇಳಿದ ಪ್ರಿಸ್ಕಿಲ್ಲ ಮತ್ತು ಅಕ್ವಿಲ ಅವನನ್ನು ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ವಿವರಿಸಿದರು. ಇವರಿಬ್ಬರು ಗುಡಾರ ಹೊಲಿಯುವ ಗಂಡ ಹೆಂಡತಿ.

ಹೆಂಚಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ತಡೆದು ಕೇಳಿದರು: “ಅಯ್ಯನವರೇ, ಅವನಿಗೆ ಸಿಟ್ಟು ಬರಲಿಲ್ಲವಾ? ಅಷ್ಟು ಓದಿದವ, ಇವರು ಸೂಜಿ ಹಿಡಿದವರು.”

ಸಭಾಪಾಲಕರು ಸ್ವಲ್ಪ ಹೊತ್ತು ಪುಟ ನೋಡಿದರು. “ಇಲ್ಲಿ ಬರೆದಿಲ್ಲ. ನನಗೆ ಯಾರಾದರೂ ಹಾಗೆ ಹೇಳಿದ್ದರೆ ಬರುತ್ತಿತ್ತು” ಅಂದರು. ಎಲ್ಲರೂ ನಕ್ಕರು. ಆಮೇಲೆ ಅಡುಗೆಮನೆಯ ಬಾಗಿಲಿಂದ ಮನೆಯ ಅಮ್ಮ, “ಅವನನ್ನು ಎಲ್ಲರ ಎದುರು ತಿದ್ದಿಲ್ಲ ಮಾರಾಯ್ರೆ, ಕರ್ಕೊಂಡು ಹೋಗಿ ಹೇಳಿದ್ದು. ಅದೂ ಉಂಟಲ್ಲ?” ಅಂದರು. ಪಾಲಕರು ಪೆನ್ನು ತೆಗೆದು ಬೈಬಲ್ಲಿನ ಅಂಚಿನಲ್ಲಿ ಅದನ್ನು ಬರೆದುಕೊಂಡರು.

ಹಿರಿಯರು ನಮ್ಮ ಕಡೆ ತಿರುಗಿದರು. ನಿಮ್ಮ ಧಾರವಾಡದಲ್ಲಿ ಹೀಗೆ ನಡುವೆ ತಡೆದು ಕೇಳಬಹುದಾ ಅಂದರು. ಮಕ್ಕಳು ಕೇಳುತ್ತಾರೆ, ದೊಡ್ಡವರು ಕೇಳಲ್ಲ ಅಂದೆ. “ಹಾಗಾದ್ರೆ ನೀವು ಮಕ್ಕಳ ಕ್ಲಾಸಿನಲ್ಲೇ ಕೂತುಕೊಳ್ಳಿ” ಅಂತ ಹೇಳಿ ಇನ್ನೊಂದು ಗೋಳಿಬಜೆ ನನ್ನ ತಟ್ಟೆಗೆ ಹಾಕಿದರು.